ಜೇಬಿನಲ್ಲಿ ಕಾರ್ಡಿದೆ, ಪಟ್ಟಿಯಲ್ಲಿ ಹೆಸರಿಲ್ಲ

ಕಳೆದ ಸಲ ಬಾಡಿಗೆ ಮನೆಯ ಅಡ್ವಾನ್ಸ್ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಒಬ್ಬರು ಮೇಲ್ ಮಾಡಿದ್ರು. ‘ಮನೆ ಬದಲಾಯಿಸಿದಾಗೆಲ್ಲಾ ಗ್ಯಾಸ್, ಬ್ಯಾಂಕು ಎಲ್ಲಾ ಅಪ್‌ಡೇಟ್ ಮಾಡ್ತೀವಿ. ವೋಟರ್ ಐಡಿನೂ ಬದಲಾಯಿಸ್ಬೇಕಾ? ಹೇಗೂ ಆಧಾರ್ ಇದೆಯಲ್ಲಾ, ಸಾಕಾಗಲ್ವಾ?’

ಸಾಕಾಗಲ್ಲ. ನನಗೆ ಇದು 2023ರ ಮೇ 10ರ ಬೆಳಿಗ್ಗೆ ಗೊತ್ತಾಯ್ತು. ಸ್ವಲ್ಪ ತಡವಾಗಿ.

ಅವತ್ತು ವಿಧಾನಸಭಾ ಚುನಾವಣೆ. ನಮ್ಮ ಏರಿಯಾದ ಶಾಲೆಯಲ್ಲಿ ಮತಗಟ್ಟೆ. ಬಿಸಿಲು ಏರೋದಕ್ಕೆ ಮುಂಚೆ ಮುಗಿಸಿಬಿಡೋಣ ಅಂತ ಹೊರಟವನು ತಿಂಡಿ ಮುಗಿಸಿ ಕ್ಯೂನಲ್ಲಿ ನಿಂತಾಗ ಹತ್ತೂವರೆ. ಮೊಬೈಲ್ ಒಳಗೆ ಬಿಡಲ್ಲ ಅಂತ ರೂಮ್‌ಮೇಟ್ ಕೈಗೆ ಕೊಟ್ಟಿದ್ದೆ. ಜೇಬಿನಲ್ಲಿ ವೋಟರ್ ಕಾರ್ಡು, ಇರಲಿ ಅಂತ ಆಧಾರ್ ಕೂಡ. ಒಳಗೆ ಮೊದಲ ಟೇಬಲ್‌ನಲ್ಲಿದ್ದ ಅಧಿಕಾರಿ ಪಟ್ಟಿಯ ಹಾಳೆಗಳನ್ನು ಎರಡು ಸಲ ತಿರುವಿದ್ರು. ಅವರು ಟೀಚರ್ ಇರಬೇಕು, ಸ್ಕೇಲ್ ಇಟ್ಟು ಒಂದೊಂದೇ ಸಾಲು ನೋಡ್ತಿದ್ರು. ಕೊನೆಗೆ, ‘ಈ ಪಟ್ಟಿಲಿ ನಿಮ್ಮ ಹೆಸರಿಲ್ಲ ಸರ್’ ಅಂದ್ರು.

‘ಕಾರ್ಡ್ ಇದೆಯಲ್ಲಾ ಮೇಡಂ?’

‘ಕಾರ್ಡ್ ಸರಿ ಇದೆ ಸರ್. ಹೆಸರಿಲ್ಲ.’

ಹಿಂದೆ ನಿಂತಿದ್ದ ಅಂಕಲ್ ಒಬ್ಬರು ‘ಬೇಗ ಬೇಗ’ ಅಂದ್ರು. ನಾನು ಈಚೆ ಬಂದೆ.

ಆಮೇಲೆ ಫೋನಿನಲ್ಲಿ ಹುಡುಕಿದರೆ ನನ್ನ ಹೆಸರು ಸಿಕ್ತು. ಸೊರಬದ ಹತ್ತಿರದ ನಮ್ಮೂರಿನ ಶಾಲೆಯಲ್ಲಿ, ಅಪ್ಪನ ಹೆಸರಿನ ಕೆಳಗೆ, ಅಜ್ಜಿಯ ಹೆಸರಿನ ಮೇಲೆ, ಬೆಚ್ಚಗೆ ಕೂತಿತ್ತು. ಬೆಂಗಳೂರಿಂದ ಮುನ್ನೂರೈವತ್ತು ಕಿಲೋಮೀಟರ್. ಮತದಾನ ಸಂಜೆ ಆರಕ್ಕೆ ಮುಗಿಯುತ್ತೆ. ಬಸ್ಸಿನಲ್ಲಿ ಎಂಟು ಗಂಟೆ. ಲೆಕ್ಕ ಹಾಕಿ ಸುಮ್ಮನಾದೆ.

ಹಾಗಂತ ನಾನು ಅರ್ಜಿ ಹಾಕಿರಲಿಲ್ಲ ಅಂತಲ್ಲ. ವಿಳಾಸ ಬದಲಾವಣೆಗೆ ಫಾರ್ಮ್ 8 ಅಂತ ಇದೆ. ಫೆಬ್ರವರಿಯಲ್ಲೇ ಆನ್‌ಲೈನ್‌ನಲ್ಲಿ ತುಂಬಿದ್ದೆ, ರೆಫರೆನ್ಸ್ ನಂಬರ್ ಕೂಡ ಬಂದಿತ್ತು. ನಂಬರ್ ಬಂತು ಅಂದ್ರೆ ಕೆಲಸ ಆಯ್ತು ಅಂದ್ಕೊಂಡೆ. ಮಾರ್ಚ್‌ನಲ್ಲಿ ಗೊತ್ತಿಲ್ಲದ ನಂಬರಿಂದ ಮೂರು ಸಲ ಕಾಲ್ ಬಂದಿತ್ತು. ಸ್ಪ್ರಿಂಟ್ ಮಧ್ಯೆ ಲೋನ್ ಬೇಕಾ ಅಂತ ಕೇಳೋರು ಇರಬೇಕು ಅಂತ ಮೂರೂ ಸಲ ಕಟ್ ಮಾಡಿದ್ದೆ. ಅದು ಬಿಎಲ್‌ಒ, ಅಂದ್ರೆ ನಮ್ಮ ಮತಗಟ್ಟೆಯ ಅಧಿಕಾರಿ. ಮನೆ ಪರಿಶೀಲನೆಗೆ ಬಂದು ಬೀಗ ನೋಡಿ ಹೋಗಿದ್ದಾರೆ. ಅರ್ಜಿ ತಿರಸ್ಕಾರ ಆಗಿದೆ. ತಪ್ಪು ಪೂರ್ತಿ ನನ್ನದೇ.

ಈಗ ಮೇಲ್ ಮಾಡಿದವರ ಪ್ರಶ್ನೆಗೆ ಬರ್ತೀನಿ. ನಮ್ಮ ಕೆಲಸದಲ್ಲಿ ಎರಡು ಪದ ಯಾವಾಗಲೂ ಜೊತೆಗೇ ಬರುತ್ತವೆ, ಹೊಸಬರು ಅವೆರಡನ್ನೂ ಕಲಸಿಬಿಡ್ತಾರೆ. ಒಂದು ಅಥೆಂಟಿಕೇಶನ್: ನೀನು ಯಾರು? ಇನ್ನೊಂದು ಆಥರೈಸೇಶನ್: ನಿನಗೆ ಒಳಗೆ ಬರೋಕೆ ಹಕ್ಕಿದೆಯಾ? ಪಾಸ್‌ವರ್ಡ್ ಸರಿ ಇದ್ದರೂ ‘ಪರ್ಮಿಷನ್ ಡಿನೈಡ್’ ಬರುತ್ತಲ್ಲ, ಅದೇ ಇದು. ವೋಟರ್ ಕಾರ್ಡ್ ನೀವು ಯಾರು ಅಂತ ಹೇಳುತ್ತೆ, ಅಷ್ಟೇ. ಹಕ್ಕು ಇರೋದು ಪಟ್ಟಿಯಲ್ಲಿ.

ಹಾಗಾಗಿ ಉಲ್ಟಾನೂ ನಿಜ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ವೋಟು ಹೋಗಲ್ಲ. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಹೀಗೆ ಹನ್ನೆರಡು ದಾಖಲೆಗಳಲ್ಲಿ ಯಾವುದಾದರೂ ಒಂದನ್ನು ತೋರಿಸಬಹುದು. ರೇಷನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯವರು ಕೊರಳಿಗೆ ಹಾಕಿಕೊಂಡು ಓಡಾಡೋ ಟ್ಯಾಗೂ ಇಲ್ಲ. ಮನೆಗೆ ತಂದುಕೊಡುವ ಮತದಾರರ ಚೀಟಿ ಒಂದೇ ಇದ್ದರೂ 2019ರಿಂದ ಸಾಲದು.

ಅವತ್ತು ಸಂಜೆ ಊರಿಗೆ ಫೋನ್ ಮಾಡಿದೆ. ಅಜ್ಜಿಗೆ ಆಗ ಎಂಬತ್ತೊಂದು. 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಆ ಚುನಾವಣೆಯಲ್ಲಿ ಇತ್ತು, ಫಾರ್ಮ್ 12ಡಿ ಕೊಟ್ಟರೆ ಸಿಬ್ಬಂದಿಯೇ ಮನೆಗೆ ಬರ್ತಾರೆ. (2024ಕ್ಕೆ ಅದನ್ನು 85ಕ್ಕೆ ಏರಿಸಿದರು.) ಅಜ್ಜಿ ಬೇಡ ಅಂದಿದ್ದಳು. ‘ಮನೇಲಿ ಕೂತು ಹಾಕೋಕೆ ನಾನೇನು ಮಲಗಿದೀನಾ?’ ಅಂತ ಹೊಸ ಸೀರೆ ಉಟ್ಟು, ಅಪ್ಪನ ಸ್ಕೂಟರ್‌ನಲ್ಲಿ ಹೋಗಿದ್ದಳು.

ಅಲ್ಲಿ ಅವಳಿಗೂ ಒಂದು ಗಂಟು ಸಿಕ್ಕಿದೆ. ಪಟ್ಟಿಯಲ್ಲಿ ಅವಳ ಹೆಸರು ‘ಲಿಂ’ ಅಂತ ಶುರುವಾಗುತ್ತೆ, ಕಾರ್ಡಿನಲ್ಲಿ ‘ನಿಂ’. ಊರಲ್ಲಿ ಎಲ್ಲರೂ ಕರೆಯೋದು ಎರಡನೆಯದ್ದನ್ನು, ಬರೆದುಕೊಂಡವರು ಯಾವನ್ನೋ ಬರೆದಿದ್ದಾರೆ. ಏಜೆಂಟ್ ಆಗಿ ಕೂತಿದ್ದ ಊರಿನ ಹುಡುಗನೇ ‘ಹೆಸರು ಬೇರೆ ಇದೆಯಲ್ಲಾ’ ಅಂತ ತಗಾದೆ ತೆಗೆದನಂತೆ. ಅಧಿಕಾರಿ ಪಟ್ಟಿಯ ಫೋಟೊ, ಕಾರ್ಡಿನ ಫೋಟೊ, ಅಜ್ಜಿಯ ಮುಖ ಮೂರನ್ನೂ ನೋಡಿ, ಅಕ್ಷರ ತಪ್ಪಿದ್ದರೆ ಪರವಾಗಿಲ್ಲ, ಮನುಷ್ಯರು ಅವರೇ ತಾನೆ ಅಂದರಂತೆ. ನಿಯಮವೂ ಅದೇ. ಗುರುತು ಖಚಿತವಾಗುವುದಾದರೆ ಕಾರ್ಡಿನ ಸಣ್ಣಪುಟ್ಟ ಕಾಗುಣಿತದ ತಪ್ಪನ್ನು ಕಡೆಗಣಿಸಿ ಅಂತ ಆಯೋಗದ ಸೂಚನೆ ಇದೆ. ಅದನ್ನು ನೆನಪಿಟ್ಟ ಅಧಿಕಾರಿ ಸಿಕ್ಕಿದ್ದು ಅಜ್ಜಿಯ ಪುಣ್ಯ.

ಎಲ್ಲಾ ಹೇಳಿ ಮುಗಿಸಿ ಅಜ್ಜಿ ಕೇಳಿದಳು: ‘ನೀ ಹಾಕಿದ್ಯಾ ತಮ್ಮಾ?’

‘ಇಲ್ಲಜ್ಜಿ. ಲಿಸ್ಟಲ್ಲಿ ಹೆಸರಿರಲಿಲ್ಲ.’

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, ‘ಕಂಪ್ಯೂಟರ್ ಓದಿದವನಿಗೆ ಹೆಸರಿಲ್ವಾ?’ ಅಂದಳು. ಬೈದಿದ್ದರೆ ತಡ್ಕೋಬಹುದಿತ್ತು. ಅವಳು ಕೇಳಿದ್ದು ನಿಜವಾದ ಆಶ್ಚರ್ಯದಿಂದ.

ಅದೇ ವಾರ ಇನ್ನೊಂದು ತಮಾಷೆ. ಇಂಗ್ಲೆಂಡಿನಲ್ಲಿರುವ ನನ್ನ ಕಾಲೇಜಿನ ಗೆಳೆಯ ಮೇ 4ರಂದು ಅಲ್ಲಿಯ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಿ ಬಂದಿದ್ದ. ಕಾಮನ್‌ವೆಲ್ತ್ ದೇಶದ ಪ್ರಜೆಗಳು ಬ್ರಿಟನ್‌ನಲ್ಲಿ ವಾಸವಿದ್ದರೆ ಹೆಸರು ನೋಂದಾಯಿಸಿ ಮತ ಹಾಕಬಹುದು. ಮತಗಟ್ಟೆಯಲ್ಲಿ ಅವನು ತೋರಿಸಿದ್ದು ಭಾರತದ ಪಾಸ್‌ಪೋರ್ಟು! ಅದೇ ಪಾಸ್‌ಪೋರ್ಟ್ ಹಿಡಿದು ಅವನು ಕರ್ನಾಟಕದಲ್ಲಿ ಮತ ಹಾಕಬೇಕಂದ್ರೆ ಅನಿವಾಸಿ ಮತದಾರ ಅಂತ ಫಾರ್ಮ್ 6ಎ ಕೊಟ್ಟು, ವಿಮಾನ ಹತ್ತಿ ಊರಿನ ಮತಗಟ್ಟೆಗೇ ಬರಬೇಕು.

ಇಂಗ್ಲೆಂಡಿನಲ್ಲಿ ಫೋಟೊ ಐಡಿ ಕಡ್ಡಾಯ ಆಗಿದ್ದೂ ಆ ಚುನಾವಣೆಯಿಂದಲೇ. ಅದಕ್ಕೂ ಮುಂಚೆ ಹೆಸರು, ವಿಳಾಸ ಹೇಳಿದರೆ ಬ್ಯಾಲೆಟ್ ಕೊಡ್ತಿದ್ರು. ಮೊದಲ ಸಲವೇ ಸುಮಾರು 14,000 ಜನ ಐಡಿ ಇಲ್ಲದೆ ಮತಗಟ್ಟೆಯಿಂದ ವಾಪಸ್ ಹೋದವರು ಮತ್ತೆ ಬರಲೇ ಇಲ್ಲ ಅಂತ ಅಲ್ಲಿಯ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿತು. ಹಿರಿಯರ ಬಸ್ ಪಾಸ್ ನಡೆಯುತ್ತೆ, ಯುವಕರ ರೈಲ್ ಕಾರ್ಡ್ ನಡೆಯಲ್ಲ ಅನ್ನೋ ಜಗಳವೂ ಆಯ್ತು. ಯಾವ ಕಾರ್ಡನ್ನು ಒಪ್ಪುತ್ತೀವಿ ಅನ್ನೋದರಲ್ಲೇ ಯಾರು ಸುಲಭವಾಗಿ ಒಳಗೆ ಬರ್ತಾರೆ ಅನ್ನೋದೂ ಅರ್ಧ ತೀರ್ಮಾನ ಆಗಿಬಿಡುತ್ತೆ.

ಹಾಗಾದ್ರೆ ಗುರುತೇ ಕೇಳಬಾರದಾ? ಕೇಳಬೇಕು. ಬೇರೆಯವರ ಹೆಸರಲ್ಲಿ ಮತ ಹಾಕೋದನ್ನು ತಡೆಯೋದು ನಮ್ಮಲ್ಲಿ ಮೊದಲಿಂದಲೂ ಇರುವ ಕೆಲಸ. 1962ರ ಸಾರ್ವತ್ರಿಕ ಚುನಾವಣೆಯಿಂದ ಬೆರಳಿಗೆ ಹಾಕುತ್ತಿರುವ ಶಾಯಿ ನಮ್ಮ ಮೈಸೂರಿನದ್ದೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯದ್ದು. ಅದು ನೀವು ಯಾರು ಅಂತ ಕೇಳಲ್ಲ, ಆಗಲೇ ಹಾಕಿದೀರಾ ಅಂತ ಮಾತ್ರ ನೋಡುತ್ತೆ. ಒಂದು ಕಾಗದವನ್ನೂ ಕೇಳದೆ ಕೆಲಸ ಮಾಡುವ ಇಷ್ಟು ಚಂದದ ಡಿಸೈನ್ ನಾನು ಬೇರೆ ಕಂಡಿಲ್ಲ. ಫೋಟೊ ಇರುವ ಗುರುತಿನ ಚೀಟಿ ಬಂದಿದ್ದು ಟಿ.ಎನ್. ಶೇಷನ್ ಅವರ ಕಾಲದಲ್ಲಿ, 1993ರಲ್ಲಿ. ಅದರ ನಂತರ ಪಟ್ಟಿಯಲ್ಲೂ ಫೋಟೊ ಬಂತು.

ಆದರೆ ಸೆಕ್ಯುರಿಟಿ ಬಿಗಿ ಮಾಡಿದಷ್ಟೂ ಒಳ್ಳೆಯವರೂ ಹೊರಗೆ ಉಳೀತಾರೆ ಅನ್ನೋದು ಲಾಗಿನ್ ಪೇಜ್ ಬರೆದ ಯಾರಿಗಾದರೂ ಗೊತ್ತು. ಕಳ್ಳನನ್ನು ಒಳಗೆ ಬಿಟ್ಟರೆ ಸುದ್ದಿ ಆಗುತ್ತೆ. ಮನೆಯವನೇ ಹೊರಗುಳಿದರೆ ಅವನು ಸುಮ್ಮನೆ ವಾಪಸ್ ಹೋಗ್ತಾನೆ. ನಾನು ಹೋದ ಹಾಗೆ.

ಇದು ಮೊದಲ ಚುನಾವಣೆಯಲ್ಲೇ ಆಗಿತ್ತು. 1951–52ರ ಪಟ್ಟಿ ಬರೆಯುವಾಗ ಅದೆಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಮತದಾರರಿಲ್ಲ ಅಂತ ಆಯೋಗ ಪಟ್ಟು ಹಿಡಿದು ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಟ್ಟಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಆಯೋಗ ಮಾಡಿದ್ದು ತಪ್ಪು ಅಂತ ಹೇಳೋಕೂ ಆಗಲ್ಲ, ಹೆಂಗಸರಿಗೆ ಅವರದೇ ಹೆಸರಿನ ವೋಟು ಸಿಕ್ಕಿದ್ದು ಆ ಹಠದಿಂದಲೇ. ಆದರೆ ಆ ಸಲದ ಬೆಲೆ ಕೊಟ್ಟವರು ಆ 28 ಲಕ್ಷ ಜನ.

2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲೂ ಪ್ರಶ್ನೆ ಎದ್ದಿದ್ದು ಮತಗಟ್ಟೆಯ ಬಾಗಿಲಲ್ಲಲ್ಲ, ಪಟ್ಟಿಯಲ್ಲೇ. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಮೃತರು, ಬೇರೆ ಕಡೆ ಹೋದವರು, ಎರಡು ಕಡೆ ಹೆಸರಿದ್ದವರು ಅಂತ ಆಯೋಗ ಹೇಳಿತು. ಬಿಟ್ಟ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟ್ ಸೂಚಿಸಿತು. ಮೊದಲು ಹೇಳಿದ್ದ ಹನ್ನೊಂದು ದಾಖಲೆಗಳಲ್ಲಿ ಆಧಾರ್ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೋರ್ಟು ಅದನ್ನು ಹನ್ನೆರಡನೆಯದಾಗಿ ಸೇರಿಸಿತು, ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಅಂತ. ಮೇಲ್ ಮಾಡಿದವರೇ, ‘ಆಧಾರ್ ಸಾಕಲ್ವಾ’ ಅನ್ನೋದು ಅಷ್ಟು ಸುಲಭದ ಪ್ರಶ್ನೆ ಅಲ್ಲ ನೋಡಿ.

ನನ್ನ ಕಥೆಯಲ್ಲಿ ನಾನು ಬಚಾವಾದೆ. ಚುನಾವಣೆ ಮುಗಿದ ಮೇಲೆ ಮತ್ತೆ ಫಾರ್ಮ್ 8 ಹಾಕಿದೆ. ಇಲ್ಲಿ ಬೆಂಗಳೂರಿನ ಬಾಡಿಗೆದಾರರಿಗೆ ಒಂದು ಮಾತು. ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6ರಲ್ಲಿ ವಿಳಾಸಕ್ಕೆ ಬಾಡಿಗೆ ಕರಾರು ಕೊಡಬಹುದು, ಆದರೆ ಅದು ನೋಂದಣಿ ಆಗಿರಬೇಕು. ನಮ್ಮೆಲ್ಲರ ಹತ್ತಿರ ಇರೋದು ಸ್ಟಾಂಪ್ ಪೇಪರಿನ ಮೇಲಿನ ಹನ್ನೊಂದು ತಿಂಗಳ ಕರಾರು. ಕರೆಂಟ್ ಬಿಲ್ಲು ಓನರ್ ಹೆಸರಲ್ಲಿ. ನಾನು ಮೊದಲು ಆಧಾರ್ ವಿಳಾಸ ಬದಲಾಯಿಸಿ, ಅದನ್ನು ಕೊಟ್ಟೆ. ಈ ಸಲ ಗೊತ್ತಿಲ್ಲದ ನಂಬರಿನ ಪ್ರತಿ ಕಾಲ್ ಎತ್ತಿದೆ. ನಾಲ್ಕು ಲೋನ್, ಒಂದು ಸೈಟು, ಕೊನೆಗೆ ಬಿಎಲ್‌ಒ. ಲಿಫ್ಟ್ ಇಲ್ಲದ ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿ ಹತ್ತಿ ಬಂದವರು ಒಬ್ಬ ಅಂಗನವಾಡಿ ಕಾರ್ಯಕರ್ತೆ. ನೀರು ಕುಡಿದು, ‘ಹಗಲು ಬಂದ್ರೆ ಯಾರೂ ಸಿಗಲ್ಲ ಸರ್, ರಾತ್ರಿ ಬಂದ್ರೆ ಬೈತಾರೆ’ ಅಂದ್ರು. ಬೆಂಗಳೂರಿನವರು ವೋಟು ಹಾಕಲ್ಲ ಅಂತ ಪ್ರತಿ ಸಲ ಬೈಸ್ಕೋತೀವಲ್ಲ, ಅದರಲ್ಲಿ ಸೋಮಾರಿಗಳೆಷ್ಟು, ಹೆಸರು ಊರಲ್ಲೇ ಉಳಿದವರೆಷ್ಟು ಅಂತ ನನಗೆ ಆಗ ಯೋಚನೆ ಬಂತು. 2024ರ ಏಪ್ರಿಲ್ 26ರಂದು ಲೋಕಸಭೆಗೆ ಇಲ್ಲೇ ಮತ ಹಾಕಿದೆ.

ಬಚಾವಾಗದ ಕಥೆ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನದು. ರಾಯಚೂರು ಕಡೆಯವರು. ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದಾರೆ, ಖಾಲಿ ಸೈಟಿನ ಮೂಲೆಯ ಶೀಟಿನ ಮನೆಯಲ್ಲಿ. ಆಧಾರ್, ರೇಷನ್ ಕಾರ್ಡ್, ವೋಟರ್ ಕಾರ್ಡ್ ಎಲ್ಲಾ ಇದೆ, ಎಲ್ಲದರಲ್ಲೂ ಊರಿನ ವಿಳಾಸ. ಬೆಂಗಳೂರಿನಲ್ಲಿ ಅವರು ಇದ್ದಾರೆ ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ. 2023ರಲ್ಲಿ ಅವರೂ ಮತ ಹಾಕಿರಲಿಲ್ಲ. ಹೋಗಿಬರೋ ಖರ್ಚು, ಮೂರು ಮನೆಯ ಕೆಲಸ.

ನನ್ನದು ಸರಿಹೋದ ಉತ್ಸಾಹದಲ್ಲಿ ಅವರದ್ದೂ ಮಾಡಿಸೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ದಾಖಲೆ ಇಲ್ಲದವರಿಗೂ ಸ್ಥಳ ಪರಿಶೀಲನೆ ಮಾಡಿ ಹೆಸರು ಸೇರಿಸುವ ದಾರಿ ಇದೆ, ಅದನ್ನೂ ಓದಿ ಇಟ್ಟುಕೊಂಡಿದ್ದೆ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನಿಂತರು.

‘ಇಲ್ಲಿ ಸೇರ್ಸಿದ್ರ ಊರಾಗ ತಗೀತಾರೇನ್ರಿ?’

ತೆಗೀತಾರೆ. ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ ಅಂತ ಕಾನೂನು. ಹಾಗಂತ ಹೇಳಿದೆ.

‘ಬ್ಯಾಡ್ರಿ ಸರ. ಊರಾಗ ಹೆಸರು ಹೋದ್ರ ಊರ ಹೋದಂಗ.’

ರೇಷನ್‌ಗೂ ಇದಕ್ಕೂ ಸಂಬಂಧ ಇಲ್ಲ ಅಕ್ಕ, ಅಂದೆ. ಅವರು ನಕ್ಕರು. ನಾಳೆ ಆಶ್ರಯ ಮನೆ ಬಂದರೆ, ಪಂಚಾಯ್ತಿಯಲ್ಲಿ ಏನಾದರೂ ಹಂಚಿದರೆ, ‘ನೀ ಇಲ್ಲಿ ವೋಟರ್ ಏನವ್ವಾ?’ ಅಂತ ಕೇಳೋದು ಯಾವ ಕಾಯ್ದೆಯಲ್ಲೂ ಬರೆದಿರಲ್ಲ. ಆದರೆ ಕೇಳ್ತಾರೆ. ಇತ್ತ ಶೀಟಿನ ಮನೆಯ ಸೈಟಿನ ಓನರ್ ನಾಳೆ ಪಾಯ ತೋಡಿದರೆ ಬೆಂಗಳೂರಿನ ವಿಳಾಸವೂ ಹೋಯ್ತು. ಫಾರ್ಮ್ ಬಗ್ಗೆ ನನಗೆ ಗೊತ್ತಿತ್ತು. ಊರಿನ ಬಗ್ಗೆ ಅವರಿಗೆ ಗೊತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ.

ಕಾನೂನು ‘ಸಾಮಾನ್ಯ ನಿವಾಸಿ’ ಅಂತ ಒಂದು ಪದ ಬಳಸುತ್ತೆ. ಒಂದೂರಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ನೀವು ಅಲ್ಲಿಯ ನಿವಾಸಿ ಆಗಲ್ಲ. ತಾತ್ಕಾಲಿಕವಾಗಿ ಹೊರಗಿದ್ದೀರಿ ಅಂದ ಮಾತ್ರಕ್ಕೆ ಅಲ್ಲಿಯ ನಿವಾಸಿ ಅಲ್ಲ ಅಂತಲೂ ಆಗಲ್ಲ. ಹತ್ತು ವರ್ಷದಿಂದ ‘ತಾತ್ಕಾಲಿಕ’ ಇರುವ ಅಕ್ಕ ಯಾವ ಕಡೆ? ಇಂಥವರಿಗಾಗಿಯೇ ದೂರದಿಂದ ಮತ ಹಾಕುವ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಒಂದೇ ಯಂತ್ರದಿಂದ 72 ಕ್ಷೇತ್ರಗಳವರೆಗೆ ಮತ ಹಾಕಿಸಬಹುದು ಅನ್ನೋ ಯೋಜನೆ. ವಲಸೆ ಬಂದವರು ಅಂದ್ರೆ ಯಾರು, ಅಷ್ಟು ದೂರದ ಮತಗಟ್ಟೆಯಲ್ಲಿ ಏಜೆಂಟರು ಹೇಗೆ ಕೂರ್ತಾರೆ ಅಂತ ಹಲವು ಪಕ್ಷಗಳು ತಕರಾರು ತೆಗೆದವು. ತಕರಾರು ಸಕಾರಣವೇ. ಅಕ್ಕನ ಸಮಸ್ಯೆಯೂ ಇದ್ದಲ್ಲೇ ಇದೆ.

2024ರಲ್ಲಿ ರಾಯಚೂರಿಗೆ ಮೇ 7ರಂದು ಮತದಾನ. ಅಕ್ಕ ಐದನೇ ತಾರೀಖು ರಾತ್ರಿ ಹೊರಟರು. ಈ ಸಲ ಹೋಗಿದ್ದಕ್ಕೆ ಕಾರಣ ಯಾವ ಜಾಗೃತಿ ಅಭಿಯಾನವೂ ಅಲ್ಲ, 2023ರ ಜೂನ್‌ನಲ್ಲಿ ಶುರುವಾಗಿದ್ದ ಶಕ್ತಿ ಯೋಜನೆಯ ಉಚಿತ ಬಸ್ಸು. ಗುರುತಿನ ಚೀಟಿ, ಪಟ್ಟಿ ಅಂತ ಇಷ್ಟೆಲ್ಲಾ ತಲೆ ಕೆಡಿಸಿಕೊಂಡಿದ್ದ ನನಗೆ ಬಸ್ ಚಾರ್ಜು ಹೊಳೆದೇ ಇರಲಿಲ್ಲ. ಮತದಾನದ ದಿನ ಸಂಬಳ ಸಹಿತ ರಜೆ ಅನ್ನೋ ನಿಯಮ ನಮ್ಮ ಎಚ್‌ಆರ್ ಮೇಲ್‌ನಲ್ಲಿ ಬರುತ್ತೆ, ಮೂರು ಮನೆ ಪಾತ್ರೆ ತೊಳೆಯೋರಿಗೆ ಮೇಲ್ ಕಳಿಸೋ ಎಚ್‌ಆರ್ ಯಾರು? ನಾವು ಸಂಬಳ ಹಿಡಿಯಲಿಲ್ಲ. ಇನ್ನೊಂದು ಮನೆಯವರು ಮೂರು ದಿನದ್ದು ಹಿಡಿದರಂತೆ.

ಒಂಬತ್ತನೇ ತಾರೀಖು ಬಂದು ಶಾಯಿಯ ಬೆರಳು ತೋರಿಸಿದರು. ‘ನಿಮ್ಮದು ಅಳಿಸ್ಲಿಕತ್ತದ ನೋಡ್ರಿ, ನಂದು ಹೊಸದು’ ಅಂದ್ರು.

ಈಗ ನಿಮ್ಮ ಸರದಿ. ಇವತ್ತು ರಾತ್ರಿ ಮಲಗೋ ಮುಂಚೆ ಐದು ನಿಮಿಷ. ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್ ತೆಗೆದು ಕಾರ್ಡಿನ ನಂಬರ್ ಹಾಕಿ, ನಿಮ್ಮ ಹೆಸರು ಯಾವ ಊರಿನ ಯಾವ ಶಾಲೆಯಲ್ಲಿದೆ ನೋಡಿ. ಇಲ್ಲವಾದರೆ 1950ಕ್ಕೆ ಕರೆ ಮಾಡಿ. ಹೊಸಬರಿಗೆ ಫಾರ್ಮ್ 6, ಮನೆ ಬದಲಾದವರಿಗೆ, ಹೆಸರು ತಪ್ಪಿದ್ದವರಿಗೆ ಫಾರ್ಮ್ 8. ಹದಿನೆಂಟು ತುಂಬುವ ತಮ್ಮ ತಂಗಿಯರಿದ್ದರೆ ಮುಂದಿನ ಜನವರಿವರೆಗೆ ಕಾಯಬೇಕಿಲ್ಲ, ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದು. ಚುನಾವಣೆ ಘೋಷಣೆ ಆಗಲಿ ಆಮೇಲೆ ನೋಡೋಣ ಅನ್ನಬೇಡಿ. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಒಂದು ಹೆಸರನ್ನೂ ಸೇರಿಸುವಂತಿಲ್ಲ.

ಇನ್ನೊಂದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಕೇಳಿ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಪ್ರತಿ ಚುನಾವಣೆಗೂ ಒಂದು ಮೆಸೇಜ್ ಬರುತ್ತೆ. ಅದು ಸುಳ್ಳು. ಹೆಸರಿದ್ದು, ನಿಮ್ಮ ಹೆಸರಲ್ಲಿ ಬೇರೆ ಯಾರೋ ಮೊದಲೇ ಹಾಕಿ ಹೋಗಿದ್ದರೆ ಮಾತ್ರ ನಿಯಮ 49ಪಿ ಪ್ರಕಾರ ಪ್ರತ್ಯೇಕ ಬ್ಯಾಲೆಟ್ ಪೇಪರ್ ಕೇಳಬಹುದು.

ಒಂದು ವೋಟಿಂದ ಏನಾಗುತ್ತೆ ಅನ್ನೋರಿಗೆ ನಮ್ಮ ಚಾಮರಾಜನಗರದ ಕಡೆಯದೇ ನೆನಪು ಮಾಡ್ತೀನಿ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ.

ಮತ್ತೆ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಅವರ ವೋಟು ಎಲ್ಲಿದೆ ಅಂತ ಒಮ್ಮೆ ಕೇಳಿ. ದೂರದ ಊರಲ್ಲಿದ್ದರೆ ಮುಂದಿನ ಸಲ ಎರಡು ದಿನದ ಸಂಬಳ ಹಿಡಿಯಬೇಡಿ. ಅದಕ್ಕೆ ಯಾವ ಫಾರ್ಮೂ ಬೇಕಿಲ್ಲ.